ಸಗರನಾಡಿನ ದನ-ಕುರಿಗಳ ಬದುಕು: ಬೂದಿದಿಬ್ಬದಿಂದ ಕಾಲುವೆಯವರೆಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ಹೊರಗಿನವರ ಕಣ್ಣ ಮುಂದೆ ಬರುವುದು ತೊಗರಿ, ಹತ್ತಿ, ಜೋಳ ಹಾಗೂ ಈಚಿನ ದಿನಗಳಲ್ಲಿ ಭತ್ತ. ಆದರೆ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸಗರನಾಡು ಬೆಳೆಗಳ ನಾಡಾಗುವುದಕ್ಕೆ ಮೊದಲು ದನಗಳ ನಾಡಾಗಿತ್ತು. ಇಲ್ಲಿಯ ಜನ ನೇಗಿಲು ಹಿಡಿಯುವುದಕ್ಕಿಂತ ಎಷ್ಟೋ ಮೊದಲೇ ದನಗಳ ಮಂದೆ ಕಾಯುತ್ತಿದ್ದರು. ಹಳೆಯ ಕಥೆ ಹೇಳಿ ಸಂತೋಷಪಡುವುದಷ್ಟೇ ಈ ಉಪನ್ಯಾಸದ ಉದ್ದೇಶವಲ್ಲ. ಹೊಲಕ್ಕೂ ಮಂದೆಗೂ ಇಲ್ಲಿ ಬೆಳೆದು ಬಂದ ಸಂಬಂಧ ಯಾವ ಬಗೆಯದು, ಅದು ಈಗ ಏಕೆ ಸಡಿಲುತ್ತಿದೆ, ಅದನ್ನು ಉಳಿಸಿಕೊಂಡರೆ ರೈತನಿಗೆ ಆಗುವ ಲಾಭವೇನು ಎಂಬುದನ್ನು ವಿಚಾರ ಮಾಡುವುದೇ ಮುಖ್ಯ.

ಬೂದಿದಿಬ್ಬಗಳು ಹೇಳುವ ಮಾತು

ಹುಣಸಗಿ, ಕೊಡೇಕಲ್, ಬೂದಿಹಾಳ ಈ ಊರುಗಳ ಸುತ್ತ ಬೂದಿಯ ದಿಬ್ಬಗಳಿವೆ. ಬೂದಿಹಾಳ ಎಂಬ ಹೆಸರಿನಲ್ಲೇ ಬೂದಿ ಇದೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿಯೂ ಇವೆ. ರಾಕ್ಷಸರನ್ನು ಸುಟ್ಟ ಬೂದಿ ಇದು ಎಂದು ಹಿಂದಿನವರು ಹೇಳುತ್ತಿದ್ದರು. ಬಳ್ಳಾರಿ ಸೀಮೆಯ ಕುಡತಿನಿಯ ದಿಬ್ಬವನ್ನು ಹಿಡಿಂಬನ ಬೂದಿ ಎಂದೇ ಕರೆಯುವ ರೂಢಿ ಇತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದು ಸೆಗಣಿ ಸುಟ್ಟ ಬೂದಿ ಎಂದು ಸೂಚಿಸಿದ್ದರು. 1960ರಲ್ಲಿ ಎಫ್. ಇ. ಝೋಯ್ನರ್ ಅವರು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಇದು ದನದ ಸೆಗಣಿಯದೇ ಎಂದು ಖಚಿತಪಡಿಸಿದರು. 1963ರಲ್ಲಿ ಎಫ್. ಆರ್. ಆಲ್‌ಚಿನ್ ಅವರು ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಸುರಪುರ ಸೀಮೆಯ ದಿಬ್ಬಗಳನ್ನು ಬಹುಕಾಲ ಅಭ್ಯಾಸ ಮಾಡಿದವರು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯನವರು. 1960ರ ದಶಕದಲ್ಲಿ ಕೊಡೇಕಲ್ಲಿನಲ್ಲಿಯೂ, 1990ರ ದಶಕದಲ್ಲಿ ಬೂದಿಹಾಳದಲ್ಲಿಯೂ ಅವರು ಅಗೆತ ನಡೆಸಿದರು. ಬೂದಿಹಾಳದಲ್ಲಿ ದನಗಳನ್ನು ಕೂಡುತ್ತಿದ್ದ ದೊಡ್ಡಿ, ಅದರ ಪಕ್ಕದಲ್ಲಿ ಮನೆಗಳ ಕಲ್ಲಿನ ತಳಪಾಯ, ಚಕಮಕಿ ಕಲ್ಲಿನ ಅಲಗು ಮಾಡುವ ಸ್ಥಳ, ದನಗಳನ್ನು ಕಡಿದು ಹಂಚುತ್ತಿದ್ದ ನೆಲ, ಗಡಿಗೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳು ದೊರೆತವು. ಎಲುಬುಗಳಲ್ಲಿ ಹೆಚ್ಚಿನವು ದನದವು. ಕುರಿ ಮತ್ತು ಆಡಿನವೂ ಇದ್ದವು. ಇವೆಲ್ಲ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನವು. ದೊಡ್ಡಿಯ ಸೆಗಣಿಯನ್ನು ಗುಡ್ಡೆ ಹಾಕಿ ಆಗಾಗ ಸುಡುತ್ತಿದ್ದುದರಿಂದ ಬೂದಿ ಪದರ ಪದರವಾಗಿ ದಿಬ್ಬವಾಯಿತು. ಸುತ್ತಲಿನ ಜನ ವರ್ಷದಲ್ಲಿ ಒಮ್ಮೆ ದನಗಳೊಡನೆ ಬೂದಿಹಾಳದಲ್ಲಿ ಜಾತ್ರೆಯಂತೆ ಸೇರುತ್ತಿದ್ದಿರಬಹುದು ಎಂದೂ ಪದ್ದಯ್ಯನವರು ಅಭಿಪ್ರಾಯಪಟ್ಟಿದ್ದಾರೆ.

ಇಷ್ಟೊಂದು ದನ ಈ ಒಣ ಸೀಮೆಯಲ್ಲಿ ಹೇಗೆ ಬದುಕಿದವು ಎಂದು ಕೇಳಬಹುದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಸುತ್ತ ಸುಣ್ಣಕಲ್ಲಿನ ದಿಣ್ಣೆಗಳಿವೆ. ಮಳೆಯ ನೀರು ಅಲ್ಲಿ ಇಂಗಿ ಬೇಸಿಗೆಯಲ್ಲಿಯೂ ಒರತೆಯಾಗಿ ಹಳ್ಳಗಳಿಗೆ ಇಳಿಯುತ್ತಿತ್ತು. ಈ ನೀರಿನ ಆಸರೆಯಿಂದಲೇ ಅದಕ್ಕೂ ಬಹು ಹಿಂದೆ, ಕಲ್ಲಿನ ಕೊಡಲಿಗಳ ಕಾಲದಲ್ಲಿಯೇ ಇಲ್ಲಿ ಮನುಷ್ಯರು ನೆಲೆಸಿದ್ದರು. ಹುಣಸಗಿಯ ಸಮೀಪದ ಇಸಾಂಪುರದ ನೆಲೆಯನ್ನು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು ಮಾಡಲಾಗಿದೆ. ದನಗಾಹಿಗಳ ಕಾಲದಲ್ಲಿ ದಕ್ಷಿಣದ ಈ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯಂಥ ಕಾಳುಕಡಿಗಳೂ ಬೆಳೆಯುತ್ತಿದ್ದವು. ಮಂದೆಯ ಜೊತೆಯಲ್ಲಿಯೇ ಸಣ್ಣ ಹೊಲವೂ ಹುಟ್ಟಿತು ಎಂದಾಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದವರು ಸೆಗಣಿಯನ್ನು ಸುಟ್ಟರು. ಸೆಗಣಿಯನ್ನು ಹೊಲಕ್ಕೆ ಹಾಕಬೇಕೆಂಬ ತಿಳಿವಳಿಕೆ ಮೂಡಿದ ಮೇಲೆಯೇ ದೊಡ್ಡಿ ಮತ್ತು ಹೊಲ ಒಂದಕ್ಕೊಂದು ಗಂಟು ಬಿದ್ದವು. ಆ ಗಂಟೇ ಮುಂದಿನ ಶತಮಾನಗಳಲ್ಲಿ ಸಗರನಾಡಿನ ಬೇಸಾಯದ ಬುನಾದಿಯಾಯಿತು.

ನಾಯಕರ ಕಾಲ, ಕೆರೆಗಳ ಕಾಲ

ಮಧ್ಯಯುಗದಲ್ಲಿ ದನವೇ ಸಂಪತ್ತು. ತುರುಗಳನ್ನು ಹಿಡಿದೊಯ್ಯಲು ಬಂದವರನ್ನು ಎದುರಿಸಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿವೆ. ಸುರಪುರದ ಬೇಡ ನಾಯಕರು ಈ ಸೀಮೆಯಲ್ಲಿ ಬಲಗೊಂಡಾಗ ಅವರ ರಾಜಧಾನಿ ವಾಗಿನಗೇರಿಯಲ್ಲಿತ್ತು. 1705ರಲ್ಲಿ ಔರಂಗಜೇಬನು ಸ್ವತಃ ದಂಡು ಕಟ್ಟಿಕೊಂಡು ಬಂದು ವಾಗಿನಗೇರಿಯನ್ನು ಮುತ್ತಿದನು. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿದ್ದರೂ ಪಿಡ್ಡ ನಾಯಕ ಸಿಕ್ಕಲಿಲ್ಲ. ಮುಂದೆ ಬೆಟ್ಟಗಳ ನಡುವಿನ ಸುರಪುರವೇ ನಾಯಕರ ರಾಜಧಾನಿಯಾಗಿ ಬೆಳೆಯಿತು.

ಈ ಸಂಸ್ಥಾನದ ನೆಲ ಎರಡು ಬಗೆಯದು. ಬೆಟ್ಟದ ಬುಡದಲ್ಲಿ ಕಲ್ಲುಮಿಶ್ರಿತ ಮಸಾರಿ, ತಗ್ಗಿನಲ್ಲಿ ಎರಿ. ಮಳೆಗಾಲದಲ್ಲಿ ಎರಿ ನೆಲ ಕೆಸರಾಗಿ ಕುರಿಗಳ ಗೊರಸು ಕೊಳೆಯುತ್ತದೆ. ಆದ್ದರಿಂದ ಮಂದೆಗಳು ಆಗ ಮಸಾರಿಯ ಗುಡ್ಡಗಳಲ್ಲಿ ಮೇಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಎರಿ ಹೊಲಗಳಿಗೆ ಇಳಿದು ಜೋಳದ ಕೂಳೆ, ಉದುರಿದ ಎಲೆ, ಹಕ್ಕಲು ತಿಂದು ಹೊಲಕ್ಕೆ ಹಿಕ್ಕೆ ಬಿಡುತ್ತಿದ್ದವು. ಈ ಏರಿಳಿತವನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಆದರೂ ಕುರುಬನಿಗೆ ಯಾವ ತಿಂಗಳು ಯಾವ ಊರಿನ ಸೀಮೆ ಎಂಬುದು ಗೊತ್ತಿತ್ತು. ಹೊಲದ ಯಜಮಾನನಿಗೂ ಗೊತ್ತಿತ್ತು.

1841ರಲ್ಲಿ ಮೆಡೋಸ್ ಟೇಲರ್ ಎಂಬ ಅಧಿಕಾರಿ ಸುರಪುರಕ್ಕೆ ಬಂದನು. ರಾಜ ವೆಂಕಟಪ್ಪ ನಾಯಕ ಇನ್ನೂ ಬಾಲಕನಿದ್ದುದರಿಂದ 1853ರವರೆಗೆ ಸಂಸ್ಥಾನದ ಆಡಳಿತ ಟೇಲರನ ಕೈಯಲ್ಲಿತ್ತು. ರಾಣಿ ಈಶ್ವರಮ್ಮನಿಗೂ ಅವನಿಗೂ ಹೊಂದಾಣಿಕೆ ಇರಲಿಲ್ಲ. ಆದರೆ ಅವನು ಕೆರೆಗಳ ಕಡೆ ಲಕ್ಷ್ಯ ಕೊಟ್ಟನು. ನಾಯಕ ಅರಸರು ಕಟ್ಟಿಸಿದ್ದ ಬೋನಾಳದ ಕೆರೆ ಅವನ ಕಾಲದಲ್ಲಿ ವಿಸ್ತಾರಗೊಂಡಿತು. ಅದು ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಸುರಪುರದ ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎನ್ನುತ್ತಾರೆ. ಈ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನು ಮೊದಲು ಅಭ್ಯಾಸ ಮಾಡಿದವರಲ್ಲಿಯೂ ಅವನು ಒಬ್ಬ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು ಇಂದಿಗೂ ನೋಡಬಹುದು.

1858ರಲ್ಲಿ ರಾಜ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದನು. ಸೆರೆಸಿಕ್ಕು, ಅದೇ ವರ್ಷ ಗುಂಡೇಟಿನಿಂದ ಮರಣ ಹೊಂದಿದನು. 1860ರಲ್ಲಿ ಸುರಪುರ ಸಂಸ್ಥಾನ ಹೈದರಾಬಾದಿನ ನಿಜಾಮನಿಗೆ ಹೋಯಿತು. 1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ತಾಲ್ಲೂಕುಗಳು ನಿಜಾಮನ ಆಡಳಿತದಲ್ಲಿದ್ದವು. 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ, ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದು, 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದವು.

ಎತ್ತು, ಹೇರು ಮತ್ತು ಕಂಬಳಿ

ರೈಲು ಬರುವ ಮೊದಲು ಈ ಸೀಮೆಯ ಸರಕೆಲ್ಲ ಎತ್ತಿನ ಬೆನ್ನಿನ ಮೇಲೆ ಸಾಗುತ್ತಿತ್ತು. ಲಂಬಾಣಿಗರು ನೂರಾರು ಹೇರೆತ್ತುಗಳೊಡನೆ ಧಾನ್ಯ ಮತ್ತು ಉಪ್ಪನ್ನು ದೂರದೂರಕ್ಕೆ ಒಯ್ಯುತ್ತಿದ್ದರು. ದಂಡುಗಳಿಗೂ ಕಾಳು ಪೂರೈಸುತ್ತಿದ್ದರು. 1871ರಲ್ಲಿ ಮುಂಬಯಿ ಕಡೆಯ ರೈಲು ಹಾದಿ ಮತ್ತು ಮದರಾಸಿನ ಹಾದಿ ರಾಯಚೂರಿನಲ್ಲಿ ಕೂಡಿದವು. ಆ ಹಾದಿಯ ಮೇಲಿರುವ ಯಾದಗಿರಿ ಪೇಟೆಯಾಗಿ ಬೆಳೆಯಿತು. ಆದರೆ ಹೇರೆತ್ತಿನ ಕಸುಬು ಅಳಿಯಿತು. ಅಲೆದಾಡುತ್ತಿದ್ದ ಅನೇಕ ಲಂಬಾಣಿ ಕುಟುಂಬಗಳು ತಾಂಡಾಗಳಲ್ಲಿ ನೆಲೆಸಿ ಒಕ್ಕಲುತನ, ಕೂಲಿಗಳನ್ನು ಹಿಡಿದವು. ಸಾಗಾಟದ ಹೊಸ ಅನುಕೂಲವೊಂದು ಹಳೆಯ ಪಶುಪಾಲಕರ ಬದುಕನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಎರಿ ನೆಲದ ಬೇಸಾಯಕ್ಕೆ ಬಲವಾದ ಎತ್ತು ಬೇಕು. ಈ ಕೆಲಸಕ್ಕಾಗಿ ಕೃಷ್ಣೆಯ ದಂಡೆಯ ಸೀಮೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಕೃಷ್ಣಾ ಕಣಿವೆ ತಳಿ ರೂಪುಗೊಂಡಿತು. ಟ್ರ್ಯಾಕ್ಟರ್ ಬಂದ ಮೇಲೆ ಈ ಭಾರೀ ಎತ್ತಿನ ಗಿರಾಕಿ ಇಳಿದು ಇಂದು ತಳಿಯೇ ವಿರಳವಾಗಿದೆ. ಆದರೂ ಕಾರ ಹುಣ್ಣಿಮೆಯಲ್ಲಿ ಎತ್ತುಗಳಿಗೆ ಬಣ್ಣ ಹಚ್ಚಿ ಕರಿ ಹರಿಯುವುದು, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳು ಮಣ್ಣಿನ ಎತ್ತು ಪೂಜಿಸುವುದು, ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಇವೆಲ್ಲ ನಿಂತಿಲ್ಲ.

ಕುರಿಯ ಕಥೆಯೂ ಹೀಗೆಯೇ. ಇಲ್ಲಿಯ ದಖನಿ ಕುರಿ ಕರಿಯ, ಒರಟು ಉಣ್ಣೆಯದು. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿ, ಹೆಂಗಸರು ನೂತು, ಗಂಡಸರು ಕಂಬಳಿ ನೇಯುತ್ತಿದ್ದರು. ಹುಣಸೆ ಬೀಜದ ಗಂಜಿ ಹಚ್ಚಿದ ಕಂಬಳಿ ಮಳೆಗೂ ಚಳಿಗೂ ಸಮವಾಗಿ ಒದಗುತ್ತಿತ್ತು. ಪೇಟೆಯಲ್ಲಿ ಅಗ್ಗದ ರಗ್ಗು ಬಂದ ಮೇಲೆ ಉಣ್ಣೆಗೆ ಬೆಲೆ ಇಲ್ಲದಾಯಿತು. ಇಂದು ಕುರಿಗಾರನ ಆದಾಯವೆಲ್ಲ ಟಗರು ಮತ್ತು ಮರಿಗಳ ಮಾರಾಟದಿಂದ. ಆದ್ದರಿಂದಲೇ ರಾಯಚೂರು, ಕೊಪ್ಪಳ ಕಡೆಯ ಕೆಂಪುಕಂದು ಬಣ್ಣದ ಕೆಂಗುರಿ ತಳಿಗೆ ಈಗ ಮಾನ ಹೆಚ್ಚಿದೆ.

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಗೆ ನಡೆಯುವ ಮೈಲಾರಲಿಂಗೇಶ್ವರನ ಜಾತ್ರೆ ಕುರಿಗಾರರ ದೊಡ್ಡ ಕೂಟ. ಹರಕೆ ಹೊತ್ತವರು ದೇವರ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿ ಅಲ್ಲಿ ಇತ್ತು. ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿಯೇ ತಪಾಸಣೆ ಮಾಡಿ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳುತ್ತ ಬಂದಿದೆ. ಭಕ್ತಿಗೆ ಇದರಿಂದ ಕೊರತೆಯಾಗಿಲ್ಲ; ಜಾತ್ರೆ ಕಳೆಗುಂದಿಲ್ಲ. ಮರಿ ಉಳಿದರೆ ಹಟ್ಟಿಗೆ ಲಾಭ ಎಂಬುದು ಕುರಿಗಾರನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ದೂರದ ಒಂದು ಊರಿನ ಹೋಲಿಕೆ

ಪಶುಪಾಲನೆಯಿಂದಲೇ ಊರು ಕಟ್ಟಿದ ನಿದರ್ಶನಗಳು ಜಗತ್ತಿನಲ್ಲಿ ಬೇರೆಡೆಯೂ ಇವೆ. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪದಲ್ಲಿ ವೈಮಿಯಾ ಎಂಬ ಊರಿದೆ. 1793ರಲ್ಲಿ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಅಲ್ಲಿಯ ಅರಸ ಕಮೆಹಮೆಹನಿಗೆ ಕೆಲವು ದನಗಳನ್ನು ಕಾಣಿಕೆಯಾಗಿ ಕೊಟ್ಟನು. ಹತ್ತು ವರ್ಷ ಅವನ್ನು ಯಾರೂ ಕೊಲ್ಲಬಾರದೆಂದು ಅರಸ ಕಟ್ಟಪ್ಪಣೆ ಮಾಡಿದನು. ಕಾವಲಿಲ್ಲದ ದನಗಳು ಕಾಡುದನಗಳಾಗಿ ಸಾವಿರಗಟ್ಟಲೆ ಹೆಚ್ಚಿ, ಜನರ ಬೆಳೆಯನ್ನೂ ಬೆಟ್ಟದ ಅಡವಿಯನ್ನೂ ಹಾಳುಮಾಡಿದವು. ಅವನ್ನು ಹಿಡಿಯುವುದನ್ನು ಕಲಿಸಲು 1830ರ ದಶಕದಲ್ಲಿ ಮೆಕ್ಸಿಕೋ ಸೀಮೆಯ ಕುದುರೆ ಸವಾರ ದನಗಾಹಿಗಳನ್ನು ಕರೆಸಬೇಕಾಯಿತು. ಅವರಿಂದ ಕಲಿತ ಅಲ್ಲಿಯ ದನಗಾಹಿಗಳನ್ನು ಪನಿಯೋಲೊ ಎನ್ನುತ್ತಾರೆ. 1847ರಲ್ಲಿ ಜಾನ್ ಪಾಮರ್ ಪಾರ್ಕರ್ ಎಂಬಾತ ಆರಂಭಿಸಿದ ಪಾರ್ಕರ್ ರ‍್ಯಾಂಚ್ ಎಂಬ ಗೋಶಾಲೆ ಇಂದೂ ಒಂದು ಲಕ್ಷಕ್ಕೂ ಹೆಚ್ಚು ಎಕರೆ ಹುಲ್ಲುಗಾವಲನ್ನು ಹೊಂದಿದೆ. ಅದರ ಕೊನೆಯ ಒಡೆಯ 1992ರಲ್ಲಿ ತೀರಿಕೊಂಡ ಮೇಲೆ ಅದು ಒಂದು ಟ್ರಸ್ಟಿಗೆ ಸೇರಿ, ಅದರ ಲಾಭ ಊರಿನ ಶಾಲೆ, ಆಸ್ಪತ್ರೆಗಳಿಗೆ ಸಲ್ಲುತ್ತದೆ.

ವೈಮಿಯಾದ ಕಥೆಯಿಂದ ಎರಡು ಪಾಠಗಳಿವೆ. ಮೊದಲನೆಯದು, ಹದ್ದುಬಸ್ತಿಲ್ಲದ ಮೇವು ನೆಲವನ್ನು ಹಾಳುಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಅಲ್ಲಿ ಹುಲ್ಲಿಗೆ ಒಬ್ಬನೇ ಒಡೆಯ. ದನ ಅವನದು, ನೆಲ ಅವನದು. ಸಗರನಾಡಿನಲ್ಲಿ ಮಂದೆಯ ಒಡೆಯನಿಗೆ ಬಹುಮಟ್ಟಿಗೆ ಹುಲ್ಲಿನ ನೆಲವೇ ಇಲ್ಲ. ಮೇವು ಇರುವುದು ಸಾವಿರಾರು ರೈತರ ಹೊಲಗಳಲ್ಲಿ ಮತ್ತು ಊರಿನ ಗಾಯರಾಣದಲ್ಲಿ. ಆದ್ದರಿಂದ ಇಲ್ಲಿಯ ಪಶುಪಾಲನೆಗೆ ಬಂಡವಾಳವೆಂದರೆ ರೈತ ಮತ್ತು ಕುರಿಗಾರರ ನಡುವಿನ ಒಪ್ಪಂದ. ಅದು ಮುರಿದರೆ ಮಂದೆಯೂ ಉಳಿಯದು, ಹೊಲಕ್ಕೆ ಗೊಬ್ಬರವೂ ಸಿಗದು.

ಕಾಲುವೆ ಬಂದ ಮೇಲೆ

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಯ ಹೊಲಗಳಿಗೆ ನೀರು ತಂದಿತು. ಈ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣದ ಕಾಮಗಾರಿಯನ್ನು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿಯೇ ಲೋಕಾರ್ಪಣೆ ಮಾಡಲಾಯಿತು. ಆಗ ನೀಡಿದ ವಿವರದ ಪ್ರಕಾರ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್. ಅಚ್ಚುಕಟ್ಟು ಮೂರು ಜಿಲ್ಲೆಗಳಲ್ಲಿ ಸೇರಿ 4.5 ಲಕ್ಷ ಹೆಕ್ಟೇರ್. ನಾಲ್ಕು ಸಾವಿರ ವರ್ಷದ ಬೂದಿದಿಬ್ಬವಿರುವ ಊರಿನಲ್ಲಿಯೇ ಹೊಸ ಕಾಲುವೆಯ ಸಮಾರಂಭವೂ ನಡೆಯಿತು ಎಂಬುದು ನೆನಪಿಡತಕ್ಕ ವಿಷಯ.

ಕಾಲುವೆ ಬಡತನವನ್ನು ಕಡಿಮೆ ಮಾಡಿದೆ, ಎರಡು ಬೆಳೆ ಕೊಟ್ಟಿದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಜೊತೆಗೆ ನಾಲ್ಕು ಬದಲಾವಣೆಗಳೂ ಬಂದಿವೆ.

ಒಂದನೆಯದಾಗಿ, ಹಿಂಗಾರಿ ಜೋಳದ ನೆಲ ಭತ್ತಕ್ಕೆ ಹೋದಲ್ಲಿ ಕಣಿಕೆಯ ಬಣವಿ ಮಾಯವಾಯಿತು. ಜೋಳದ ಕಣಿಕೆ ಮತ್ತು ಭತ್ತದ ಹುಲ್ಲು ದನಕ್ಕೆ ಒಂದೇ ಅಲ್ಲ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ.

ಎರಡನೆಯದಾಗಿ, ಒಂದು ಬೆಳೆಯ ಹಿಂದೆಯೇ ಇನ್ನೊಂದು ಬೆಳೆ ಬರುವುದರಿಂದ ಹೊಲ ಖಾಲಿ ಇರುವ ದಿನಗಳು ಕಡಿಮೆಯಾದವು. ಸುಗ್ಗಿಯ ನಂತರ ಇಳಿಯುತ್ತಿದ್ದ ಮಂದೆಗೆ ಕಾಲಿಡಲು ಜಾಗವಿಲ್ಲ. ಹಾಯ್ದು ಹೋಗುವ ದಾರಿಗಳನ್ನು ಕಾಲುವೆ, ಬದುಗಳು ಕಡಿದಿವೆ. ಜಗಳಗಳು ಹುಟ್ಟುವುದು ಇಲ್ಲಿಯೇ.

ಮೂರನೆಯದಾಗಿ, ಸದಾ ತೇವವಿರುವ ಗದ್ದೆಯ ಬದುಗಳಲ್ಲಿ ಬಸವನ ಹುಳು ಹೆಚ್ಚುತ್ತದೆ. ಕುರಿ ಮತ್ತು ದನಗಳ ಯಕೃತ್ತಿನಲ್ಲಿ ಸೇರಿ ಅವನ್ನು ಸೊರಗಿಸುವ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು ಈ ಬಸವನ ಹುಳುವಿನ ಮೂಲಕವೇ ಹರಡುತ್ತದೆ. ಒಣಸೀಮೆಯ ಕುರಿಗಾರನಿಗೆ ಇದು ಹೊಸ ಬೇನೆ. ಗದ್ದಲಿ ಹುಲ್ಲು ಹಸಿರಾಗಿದೆಯೆಂದು ಮಂದೆ ಬಿಟ್ಟು, ಕೆಲವು ತಿಂಗಳಲ್ಲಿ ಕುರಿಗಳ ಗದ್ದದ ಕೆಳಗೆ ಬಾವು ಬಂದಾಗ ಕಾರಣ ತಿಳಿಯದೆ ಕಂಗೆಡುವವರಿದ್ದಾರೆ.

ನಾಲ್ಕನೆಯದಾಗಿ, ನೀರು ಹೆಚ್ಚು, ಸಾವಯವ ಗೊಬ್ಬರ ಕಡಿಮೆ ಎಂಬಂತಾದ ಎರಿ ನೆಲ ಸವಳು-ಜವಳಾಗುವ ದಾರಿ ಹಿಡಿಯುತ್ತದೆ. ಬಸಿಗಾಲುವೆ ಇಲ್ಲದ ಕಡೆ ಇದು ಕಣ್ಣಿಗೆ ಕಾಣುವಂತಿದೆ. ಮಣ್ಣು ಸಡಿಲಾಗಿ ಉಸಿರಾಡಬೇಕಾದರೆ ಕೊಟ್ಟಿಗೆ ಗೊಬ್ಬರ ಇಲ್ಲವೇ ಕುರಿಗೊಬ್ಬರ ಬೇಕು. ಮಂದೆಯನ್ನು ಹೊಲದಿಂದ ದೂರ ಓಡಿಸಿದ ರೈತನೇ ಬಳಿಕ ಗೊಬ್ಬರಕ್ಕಾಗಿ ಹಣ ಹಿಡಿದು ಅಲೆಯುವುದು ಈ ಕಾಲದ ವಿಪರ್ಯಾಸ.

ಮಾಡಬೇಕಾದ ಕೆಲಸಗಳು

ಹಳೆಯ ದಿನಗಳು ಮರಳಿ ಬರುವುದಿಲ್ಲ. ಕಾಲುವೆಯನ್ನೂ ಇಟ್ಟುಕೊಂಡು ಮಂದೆಯನ್ನೂ ಉಳಿಸಿಕೊಳ್ಳುವ ದಾರಿ ಹುಡುಕಬೇಕು. ಅದಕ್ಕೆ ಕೆಳಗಿನ ಅಂಶಗಳು ಸಹಾಯಕವಾದಾವು.

1. ಗಾಯರಾಣದ ರಕ್ಷಣೆ: ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೆಯ ನಿಯಮದಂತೆ ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ನೆಲವನ್ನು ಗೋಮಾಳವಾಗಿ ಕಾದಿರಿಸಬೇಕು. ಊರಿನ ದಾಖಲೆಯಲ್ಲಿ ಗಾಯರಾಣ ಎಷ್ಟಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿ, ಅಳತೆ ಮಾಡಿಸಿ, ಗಡಿಕಲ್ಲು ಹಾಕಿಸುವುದು ಮೊದಲ ಕೆಲಸ. ಉಳಿದ ನೆಲದಲ್ಲಿ ಜಾಲಿಕಂಟಿ ತೆಗೆದು, ಮುಂಗಾರಿನ ಆರಂಭದಲ್ಲಿ ಅಂಜನ್ ಹುಲ್ಲು ಮತ್ತು ಸ್ಟೈಲೋ ಬೀಜ ಬಿತ್ತಬಹುದು. ನೆಲವನ್ನು ಭಾಗ ಮಾಡಿ ಸರದಿಯಂತೆ ಮೇಯಿಸಿದರೆ ಹುಲ್ಲು ಚಿಗುರಲು ಬಿಡುವು ಸಿಗುತ್ತದೆ.

2. ಕುರಿ ತರುಬುವುದು: ಕುರಿಯ ಹಿಕ್ಕೆಯಲ್ಲಿ ಸುಮಾರು ಶೇಕಡ 3 ಸಾರಜನಕ, 1 ರಂಜಕ, 2 ಪೊಟ್ಯಾಷ್ ಇರುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು ಮಾತ್ರ. ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ತರುಬಿದರೆ ಹಿಕ್ಕೆಯ ಜೊತೆಗೆ ಮೂತ್ರವೂ ಮಣ್ಣಿಗೆ ಸೇರುತ್ತದೆ, ಸಾಗಾಟದ ಖರ್ಚೂ ಇಲ್ಲ. ಪ್ರತಿ ರಾತ್ರಿ ಬಲೆಯ ಸ್ಥಳ ಬದಲಿಸಬೇಕು. ಮಂದೆ ಎದ್ದ ಮೇಲೆ ತಡಮಾಡದೆ ಕುಂಟೆ ಹೊಡೆದು ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಬೇಕು. ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ.

3. ಒಪ್ಪಂದವನ್ನು ಬರೆದಿಡುವುದು: ಯಾವ ಗಟ್ಟಿಯ ಹೊಲಗಳಲ್ಲಿ ಯಾವ ವಾರ ಕುರಿ ಇಳಿಯಬಹುದು, ಯಾವ ದಾರಿಯಿಂದ ಬರಬೇಕು, ತರುಬಿದ್ದಕ್ಕೆ ಕಾಳು ಎಷ್ಟು ಅಥವಾ ಹಣ ಎಷ್ಟು, ಬೆಳೆಗೆ ಹಾನಿಯಾದರೆ ಯಾರು ನೋಡುವುದು ಎಂಬುದನ್ನು ಸುಗ್ಗಿಗೆ ಮುನ್ನವೇ ಹಿರಿಯರ ಸಮಕ್ಷಮ ಬರೆದಿಟ್ಟುಕೊಳ್ಳಬೇಕು. ಬಾಯಿಮಾತಿನ ಒಪ್ಪಂದ ಹಿಂದಿನ ಕಾಲಕ್ಕೆ ಸಾಕಾಗಿತ್ತು. ಹೊಲವನ್ನು ಲಾವಣಿಗೆ ಹಾಕಿಕೊಂಡು ಮಾಡುವವರು ಹೆಚ್ಚಾದ ಈ ಕಾಲಕ್ಕೆ ಕಾಗದ ಬೇಕು.

4. ಔಷಧಿ ಸಿಂಪಡಿಸಿದ ಹೊಲಕ್ಕೆ ಗುರುತು: ಹತ್ತಿ, ಮೆಣಸಿನಕಾಯಿ, ತೊಗರಿಗೆ ಕೀಟನಾಶಕ ಹೊಡೆದ ಮೇಲೆ ಹೊಲದ ನಾಲ್ಕು ಮೂಲೆಗೂ ಬಣ್ಣದ ಬಟ್ಟೆ ಕಟ್ಟುವ ರೂಢಿ ಹಾಕಿಕೊಂಡರೆ ಎಷ್ಟೋ ಕುರಿಗಳು ಉಳಿಯುತ್ತವೆ. ಅದೇ ರೀತಿ ಮಳೆ ಇಲ್ಲದೆ ಬಾಡಿ ಕುಂಠಿತವಾದ ಎಳೆಯ ಜೋಳವನ್ನು ದನ-ಕುರಿ ತಿನ್ನದಂತೆ ಎಚ್ಚರ ವಹಿಸಬೇಕು. ಅದರಲ್ಲಿ ಪ್ರಾಣಕ್ಕೆ ಅಪಾಯಕಾರಿಯಾದ ವಿಷ ಇರುತ್ತದೆ.

5. ಭತ್ತದ ಹುಲ್ಲನ್ನು ಸುಡದಿರುವುದು: ಯಂತ್ರದಿಂದ ಕೊಯ್ದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಡುವ ಚಟ ಹಬ್ಬುತ್ತಿದೆ. ಆ ಹುಲ್ಲನ್ನು ಯೂರಿಯಾದಿಂದ ಉಪಚರಿಸಿ ಸತ್ವ ಹೆಚ್ಚಿಸಬಹುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿ, ಪದರ ಪದರವಾಗಿ ಹುಲ್ಲಿನ ಮೇಲೆ ಸಮನಾಗಿ ಚಿಮುಕಿಸಿ, ತುಳಿದು ಒತ್ತಿ, ಗಾಳಿ ಆಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ಘಾಟು ಹೋಗುವವರೆಗೆ ಗಾಳಿಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ಕರಗಿಸಿದ ನೀರನ್ನು ದನ ಕುಡಿಯದಂತೆ ನೋಡಿಕೊಳ್ಳಬೇಕು.

6. ರೋಗ ತಡೆ: ಕುರಿಗಳಿಗೆ ಮಳೆಗಾಲಕ್ಕೆ ಮುನ್ನ, ಮೇ-ಜೂನ್ ತಿಂಗಳಲ್ಲಿ ಕರುಳುಬೇನೆಯ ಲಸಿಕೆ ಹಾಕಿಸಬೇಕು. ಪಿ.ಪಿ.ಆರ್. ಲಸಿಕೆಯನ್ನೂ ಬಿಡಬಾರದು. ಮಂದೆ ಅಲೆಯುವಾಗ ಲಸಿಕೆಯ ಸರದಿ ತಪ್ಪುವುದುಂಟು. ಆದ್ದರಿಂದ ಹೊರಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ಹಾಕಿಸಿಕೊಂಡು, ತಾರೀಖನ್ನು ಒಂದು ಪುಸ್ತಕದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಗದ್ದೆ ಬಯಲಿನಲ್ಲಿ ಮೇಯುವ ಮಂದೆಗಳಿಗೆ ಲಿವರ್ ಫ್ಲೂಕಿನ ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ಕುಡಿಸಬೇಕು. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗದ ಪಾಠವನ್ನೂ ಮರೆಯಬಾರದು. ಲಸಿಕೆ ಹಾಕಿಸಿದ ದನಗಳಲ್ಲಿ ರೋಗದ ಬಾಧೆ ಕಡಿಮೆ.

7. ನೀರಾವರಿ ರೈತರಿಗೆ ಮೇವಿನ ಮಡಿ: ಕಾಲುವೆ ನೀರು ಇರುವವರು ಪ್ರತಿ ದನಕ್ಕೆ ಒಂದೆರಡು ಗುಂಟೆಯಂತೆ ಹೈಬ್ರಿಡ್ ನೇಪಿಯರ್ ಅಥವಾ ಮೇವಿನ ಜೋಳ ಬೆಳೆದರೆ ಹಾಲಿನ ಎಮ್ಮೆ, ಆಕಳುಗಳನ್ನು ಮನೆಯಲ್ಲಿಯೇ ಸಾಕಬಹುದು. ಗಾಯರಾಣದ ಮೇಲಿನ ಭಾರವೂ ಇದರಿಂದ ಇಳಿಯುತ್ತದೆ.

ಈ ಬಗ್ಗೆ ಹೆಚ್ಚಿನ ಮಾಹಿತಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರ, ಪಶು ಆಸ್ಪತ್ರೆ, ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಹಾಗೂ ಶಹಾಪುರದ ಬಳಿಯ ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯಗಳಲ್ಲಿ ಪಡೆಯಬಹುದು. ಕುರಿ ಸಾಕಾಣಿಕೆಯ ಯೋಜನೆಗಳಿಗಾಗಿ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವನ್ನು ಸಂಪರ್ಕಿಸಬಹುದು.

ರೈತ ಬಾಂಧವರೇ, ಸಗರನಾಡಿನಲ್ಲಿ ಅರಸರು ಬಂದರು, ಹೋದರು. ಹೇರೆತ್ತು ಹೋಗಿ ರೈಲು ಬಂತು. ಒಣಹೊಲ ಹೋಗಿ ಕಾಲುವೆ ಬಂತು. ಪ್ರತಿ ಸಲವೂ ಉಳಿದವರು ಹೊಲ ಮತ್ತು ಹಟ್ಟಿ ಎರಡನ್ನೂ ಕೂಡಿಸಿಕೊಂಡು ಬಾಳಿದವರು. ಬೇಸಾಯಗಾರನಿಗೆ ಕುರಿಗಾರ ಹೊರಗಿನವನಲ್ಲ, ಗೊಬ್ಬರ ಹೊತ್ತು ಬರುವ ನೆರೆಯವನು. ಬರುವ ಸುಗ್ಗಿಗೆ ಮುನ್ನ ಪ್ರತಿ ಊರಿನಲ್ಲಿಯೂ ಒಂದು ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂಡಿ ಕುಳಿತು, ಯಾವ ಹೊಲಕ್ಕೆ ಯಾವಾಗ ಕುರಿ ಎಂಬುದನ್ನು ಗೊತ್ತುಮಾಡಿಕೊಂಡರೆ ಈ ಉಪನ್ಯಾಸ ಸಾರ್ಥಕವಾದಂತೆ.